ವೋಟ್ ಇಲ್ಲ ಅಂತ ಕೌಂಟಿ ಮೀಟಿಂಗ್ ಬಿಡಬೇಡಿ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿರೋ ನಮ್ಮ ಕನ್ನಡದವರನ್ನ ಮಾತಾಡಿಸಿ ನೋಡಿ, ವಿಧಾನಸೌಧದಲ್ಲಿ ಯಾರ ಕುರ್ಚಿ ಅಲ್ಲಾಡ್ತಿದೆ ಅನ್ನೋದು ಬೆಂಗಳೂರಲ್ಲಿ ಇರೋರಿಗಿಂತ ಚೆನ್ನಾಗಿ ಗೊತ್ತಿರತ್ತೆ, ವಾಷಿಂಗ್ಟನ್ನಲ್ಲಿ ವೀಸಾ ಬಗ್ಗೆ ನಿನ್ನೆ ಯಾರು ಏನಂದ್ರು ಅನ್ನೋದೂ ಗೊತ್ತಿರತ್ತೆ. ಆದ್ರೆ ಸಾಂಟಾ ಕ್ಲಾರಾ ಕೌಂಟಿಲಿ ನಿಮ್ಮ ಏರಿಯಾದಿಂದ ಕೌಂಟಿ ಬೋರ್ಡಿಗೆ ಆರಿಸಿ ಬಂದಿರೋ ಸೂಪರ್‌ವೈಸರ್ ಯಾರು ಅಂತ ಕೇಳಿದ್ರೆ ಮುಖ ಮುಖ ನೋಡ್ಕೊಳ್ತಾರೆ. ಇದು ನಂಗೆ ಬಹಳ ದಿನದಿಂದ ಮನಸ್ಸಲ್ಲಿ ಕೊರೀತಾ ಇರೋ ವಿಷಯ, ಯಾಕಂದ್ರೆ ನಾವು ದಿನಾ ಬದುಕೋ ಬದುಕಿಗೆ ಆ ಎರಡು ಕಡೆಗಿಂತ ಈ ಕೌಂಟಿ ಬೋರ್ಡೇ ಹತ್ರ.

ಸುಮ್ನೆ ಲೆಕ್ಕ ಹಾಕಿ ನೋಡಿ. ಸನ್ನಿವೇಲ್ ದೇವಸ್ಥಾನಕ್ಕೆ ಹೋಗೋವಾಗ ಹತ್ತೋ ಲಾರೆನ್ಸ್ ಎಕ್ಸ್‌ಪ್ರೆಸ್‌ವೇ ಇದೆಯಲ್ಲ, ಅದು ಸಿಟಿದಲ್ಲ, ಕೌಂಟಿದು. ಸೆಂಟ್ರಲ್, ಸ್ಯಾನ್ ಟೋಮಾಸ್, ಮಾಂಟೇಗ್ ಎಲ್ಲಾ ಸೇರಿ ಎಂಟು ಎಕ್ಸ್‌ಪ್ರೆಸ್‌ವೇ ಕೌಂಟಿನೇ ನೋಡ್ಕೊಳತ್ತೆ, ಸಿಗ್ನಲ್ ಸಮೇತ. ಶನಿವಾರ ದೋಸೆ ತಿನ್ನೋಕೆ ಹೋದ ಹೋಟ್ಲು ಬಾಗಿಲಲ್ಲಿ ಹಸಿರು ಬೋರ್ಡ್ ಅಂಟಿಸಿರ್ತಾರಲ್ಲ, ಅಡುಗೆಮನೆ ತಪಾಸಣೆ ಮಾಡಿ ಅದನ್ನ ಅಂಟಿಸೋದು ಕೌಂಟಿಯ ಪರಿಸರ ಆರೋಗ್ಯ ಇಲಾಖೆ. ಮಗು ಹುಟ್ಟಿದ ಸರ್ಟಿಫಿಕೇಟ್, ಮದುವೆ ಲೈಸೆನ್ಸ್, ಡಿಸೆಂಬರ್ 10 ಮತ್ತೆ ಏಪ್ರಿಲ್ 10ರ ಒಳಗೆ ಕಟ್ಟಬೇಕಾದ ಪ್ರಾಪರ್ಟಿ ಟ್ಯಾಕ್ಸ್, ಜೈಲು, ಶೆರಿಫ್, ಹೆತ್ತವರ ಹತ್ರ ಇರೋಕಾಗದ ಮಕ್ಕಳನ್ನ ನೋಡ್ಕೊಳೋ ಫಾಸ್ಟರ್ ಕೇರ್, ಚುನಾವಣೆ ನಡೆಸೋದು, ಇಷ್ಟೂ ಕೌಂಟಿ ಕೆಲ್ಸ. 15 ಸಿಟಿ, 2020ರ ಜನಗಣತಿ ಪ್ರಕಾರ 19 ಲಕ್ಷಕ್ಕೂ ಮೇಲೆ ಜನ, ವರ್ಷದ ಬಜೆಟ್ 10 ಬಿಲಿಯನ್ ಡಾಲರ್ ದಾಟಿ ಎಷ್ಟೋ ಕಾಲ ಆಯ್ತು, ಇದನ್ನೆಲ್ಲ ತೀರ್ಮಾನ ಮಾಡೋದು ಐದೇ ಜನ. ಐದು ಡಿಸ್ಟ್ರಿಕ್ಟ್, ಐದು ಸೂಪರ್‌ವೈಸರ್, ಮೂರು ಜನ ಕೈ ಎತ್ತಿದ್ರೆ ಬಹುತೇಕ ವಿಷಯ ಪಾಸ್.

ಊರಿಂದ ಬಂದಿರೋ ಅಪ್ಪ ಅಮ್ಮಂಗೆ ಹೇಳೋವಾಗ ನಾವೆಲ್ಲ ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂತ ಹೇಳ್ಬಿಡ್ತೀವಿ, ಆದ್ರೆ ಇಲ್ಲಿ ಡಿಸಿ ಅಂತ ಒಬ್ಬರು ಮೇಲಿಂದ ಬಂದು ಕೂರಲ್ಲ. ಆಡಳಿತ ನೋಡ್ಕೊಳೋಕೆ ಕೌಂಟಿ ಎಕ್ಸಿಕ್ಯುಟಿವ್ ಅಂತ ಒಬ್ಬ ಅಧಿಕಾರಿ ಇರ್ತಾರೆ, ಅವರನ್ನ ನೇಮಿಸೋದೂ ತೆಗಿಯೋದೂ ಈ ಐದು ಜನಾನೇ. ಅಲ್ಲಿ ನಮ್ಮ ಜಿಲ್ಲಾ ಪಂಚಾಯ್ತಿ ಕಥೆ ನಿಮಗೆ ಗೊತ್ತೇ ಇದೆ, 2016ರಲ್ಲಿ ಚುನಾವಣೆ ಆಯ್ತು, 2021ಕ್ಕೆ ಅವಧಿ ಮುಗೀತು, ಆಮೇಲೆ ವರ್ಷಗಟ್ಟಲೆ ಚುನಾಯಿತ ಸದಸ್ಯರೇ ಇಲ್ಲದೆ ಅಧಿಕಾರಿಗಳೇ ನಡೆಸ್ಕೊಂಡು ಹೋದ್ರು. ಅದನ್ನ ನೆನೆಸ್ಕೊಂಡ್ರೆ ನಂಗೆ ಸಂಕಟ ಆಗತ್ತೆ. ಹಾಗಿರೋವಾಗ ಇಲ್ಲಿ ಪ್ರತಿ ತೀರ್ಮಾನಕ್ಕೂ ಮುಂಚೆ ಜನ ಎದ್ದು ನಿಂತು ಮಾತಾಡೋಕೆ ಕಾನೂನೇ ಜಾಗ ಮಾಡಿ ಕೊಟ್ಟಿದೆ, ಆ ಜಾಗದಲ್ಲಿ ನಾವು ಕಾಣಿಸೋದೇ ಇಲ್ಲ ಅಂದ್ರೆ ಹೇಗೆ?

ಆಸ್ಪತ್ರೆ ವಿಷಯ ತಗೊಳ್ಳಿ. ವೆರಿಟಿ ಅನ್ನೋ ಆಸ್ಪತ್ರೆ ಸಂಸ್ಥೆ 2018ರಲ್ಲಿ ದಿವಾಳಿ ಅರ್ಜಿ ಹಾಕ್ತು, ಸ್ಯಾನ್ ಹೋಸೆಯ ಓಕಾನರ್ ಆಸ್ಪತ್ರೆ, ಗಿಲ್ರಾಯ್‌ನ ಸೇಂಟ್ ಲೂಯಿಸ್ ಎರಡೂ ಮುಚ್ಚಿ ಹೋಗೋ ಹಾಗಿತ್ತು. ಕೌಂಟಿ 235 ಮಿಲಿಯನ್ ಡಾಲರ್ ಕೊಟ್ಟು ತಗೊಂಡು 2019ರ ಮಾರ್ಚಿಂದ ತಾನೇ ನಡೆಸೋಕೆ ಶುರು ಮಾಡ್ತು. ಈಸ್ಟ್ ಸ್ಯಾನ್ ಹೋಸೆಯ ರೀಜನಲ್ ಮೆಡಿಕಲ್ ಸೆಂಟರ್‌ನಲ್ಲಿ ದೊಡ್ಡ ಅಪಘಾತದ ಗಾಯಕ್ಕೆ ಚಿಕಿತ್ಸೆ ಕೊಡೋ ಟ್ರಾಮಾ ಸೆಂಟರ್ ನಿಲ್ಲಿಸ್ತೀವಿ ಅಂತ 2024ರಲ್ಲಿ ಸುದ್ದಿ ಬಂದಾಗ ಅಲ್ಲಿನ ಜನ, ನರ್ಸ್‌ಗಳು, ಡಾಕ್ಟರ್‌ಗಳು ಬೀದಿಗಿಳಿದ್ರು, ಕೊನೆಗೆ ಕೌಂಟಿ ಅದನ್ನೂ 150 ಮಿಲಿಯನ್‌ಗೆ ತಗೊಂಡು 2025ರ ಏಪ್ರಿಲ್ 1ರಿಂದ ನಡೆಸ್ತಿದೆ. ಅದೇ ವರ್ಷ ಜುಲೈನಲ್ಲಿ ಫೆಡರಲ್ ಸರ್ಕಾರ ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್‌ಗೆ ಕತ್ತರಿ ಹಾಕೋ ಕಾನೂನು ಮಾಡಿದ್ಮೇಲೆ ಈ ಆಸ್ಪತ್ರೆಗಳನ್ನ ನಡೆಸೋ ದುಡ್ಡಿಗೇ ಕುತ್ತು ಬಂತು, ಅದಕ್ಕೆ ಬೋರ್ಡ್ ಮೆಷರ್ ಎ ಅಂತ ಸೇಲ್ಸ್ ಟ್ಯಾಕ್ಸ್ ಪ್ರಸ್ತಾಪ ಜನರ ಮುಂದೆ ಇಡ್ತು, ಒಂದು ಡಾಲರಿಗೆ ಸೆಂಟಿನ ಎಂಟರಲ್ಲಿ ಐದು ಭಾಗ, ಐದು ವರ್ಷಕ್ಕೆ. ನವೆಂಬರ್‌ನಲ್ಲಿ ಜನ ಒಪ್ಪಿದ್ರು. ಟ್ಯಾಕ್ಸ್ ಸರಿನಾ ತಪ್ಪಾ ಅಂತ ಯಾರ್ಯಾರ ಅಭಿಪ್ರಾಯ ಏನೇ ಇರ್ಲಿ, ನನ್ನ ಪ್ರಕಾರ ಆಸ್ಪತ್ರೆ ಉಳೀಬೇಕಿತ್ತು. ಊರಿಂದ ಬಂದ ತಾಯಿಗೆ ರಾತ್ರಿ ಹನ್ನೆರಡಕ್ಕೆ ಎದೆ ನೋವು ಬಂದ್ರೆ ಹತ್ರದಲ್ಲಿ ಎಮರ್ಜೆನ್ಸಿ ರೂಮ್ ಇದೆಯೋ ಇಲ್ವೋ ಅನ್ನೋದು ಯಾವ ಪಾರ್ಟಿ ವಿಷಯಾನೂ ಅಲ್ಲ.

ಇದೆಲ್ಲದರಲ್ಲಿ ನಂಗೆ ಅತಿ ಮುಖ್ಯ ಅನ್ಸೋದು ರೀಡ್-ಹಿಲ್‌ವ್ಯೂ ವಿಮಾನ ನಿಲ್ದಾಣದ ಕಥೆ, ಅದನ್ನ ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ನಮ್ಮವರಲ್ಲಿ ಸುಮಾರು ಜನ ಅದರ ಹೆಸರೇ ಕೇಳಿಲ್ಲ.

ಸ್ಯಾನ್ ಹೋಸೆಯ ಈಸ್ಟ್‌ರಿಡ್ಜ್ ಮಾಲ್‌ಗೆ ಹೋಗಿದ್ರೆ ಪಕ್ಕದಲ್ಲೇ ಸಣ್ಣ ಸಣ್ಣ ವಿಮಾನ ಮನೆ ಮೇಲೆ ತೀರಾ ಕೆಳಗೆ ಹಾರ್ತಾ ಇಳಿಯೋದನ್ನ ನೋಡಿರ್ತೀರಿ. ಅದೇ ರೀಡ್-ಹಿಲ್‌ವ್ಯೂ. 1939ರಲ್ಲಿ ಶುರುವಾದಾಗ ಸುತ್ತ ಹಣ್ಣಿನ ತೋಟ, 1961ರಲ್ಲಿ ಕೌಂಟಿ ತಗೊಳ್ತು, ಆಮೇಲೆ ತೋಟ ಹೋಗಿ ಮನೆ ಬಂತು, ಶಾಲೆ ಬಂತು. ಈಗ ಅದರಿಂದ ಒಂದೂವರೆ ಮೈಲಿ ಒಳಗೆ 50 ಸಾವಿರಕ್ಕೂ ಹೆಚ್ಚು ಜನ, ಬಹುತೇಕ ಲ್ಯಾಟಿನೋ ಮತ್ತೆ ವಿಯೆಟ್ನಾಮಿ ಕುಟುಂಬಗಳು, ದುಡಿದು ತಿನ್ನೋ ಜನ. ಅಲ್ಲಿ ಹಾರೋದು ಪಿಸ್ಟನ್ ಇಂಜಿನ್ ವಿಮಾನ, ಫ್ಲೈಯಿಂಗ್ ಸ್ಕೂಲ್‌ಗಳು, ಕಲಿಯೋರು ಒಂದೇ ಸುತ್ತಲ್ಲಿ ಹಾರಿ ಇಳಿದು ಮತ್ತೆ ಹಾರ್ತಾರೆ. ಆ ವಿಮಾನಕ್ಕೆ ಹಾಕ್ತಿದ್ದ ಪೆಟ್ರೋಲಲ್ಲಿ ಸೀಸ ಇರತ್ತೆ. ಕಾರಿನ ಪೆಟ್ರೋಲಲ್ಲಿ ಸೀಸವನ್ನ ಅಮೆರಿಕ 1996ರಲ್ಲಿ ಪೂರ್ತಿ ನಿಲ್ಲಿಸ್ತು, ನಮ್ಮ ದೇಶದಲ್ಲಿ 2000ದಲ್ಲಿ ನಿಂತೋಯ್ತು, ಆದ್ರೆ ಸಣ್ಣ ವಿಮಾನಕ್ಕೆ ಮಾತ್ರ ವಿನಾಯಿತಿ ಹಾಗೇ ಉಳ್ಕೊಂಡಿತ್ತು. ಹೆಸರಲ್ಲಿ ಲೋ ಲೆಡ್, ಅಂದ್ರೆ ಕಡಿಮೆ ಸೀಸ, ಅಂತಿದ್ರೂ ಒಂದು ಗ್ಯಾಲನ್‌ಗೆ ಎರಡು ಗ್ರಾಂ ತನಕ ಸೀಸ. ಸೀಸ ಮಕ್ಕಳ ಮೆದುಳಿಗೆ ಏನು ಮಾಡತ್ತೆ ಅನ್ನೋದು ಹೊಸ ವಿಷಯ ಏನಲ್ಲ, ಇಷ್ಟು ಇದ್ರೆ ಪರವಾಗಿಲ್ಲ ಅನ್ನೋ ಮಟ್ಟನೇ ಇಲ್ಲ ಅಂತ ಡಾಕ್ಟರ್‌ಗಳು ಹೇಳ್ತಾರೆ.

ಅಲ್ಲಿನ ಜನ ಎಷ್ಟೋ ವರ್ಷ ಬೋರ್ಡ್ ಮೀಟಿಂಗಿಗೆ, ಕಮಿಟಿ ಮೀಟಿಂಗಿಗೆ ಬಂದು ಇದನ್ನೇ ಹೇಳ್ತಿದ್ರು. ಉತ್ತರವಾಗಿ ಬರ್ತಿದ್ದ ವಾದಾನೂ ಸುಳ್ಳಲ್ಲ. ವಿಮಾನ ನಿಲ್ದಾಣ ಮೊದಲು ಬಂತು ಮನೆ ಆಮೇಲೆ ಬಂತು, ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿಯ ವಿಮಾನಯಾನ ವಿಭಾಗದ ಮಕ್ಕಳು ಅಲ್ಲೇ ಕಲೀತಾರೆ, ಭೂಕಂಪ ಕಾಡ್ಗಿಚ್ಚು ಅಂದಾಗ ಇಂಥ ಜಾಗ ಬೇಕಾಗತ್ತೆ, ಇಂಜಿನ್‌ಗೆ ಹೊಂದದ ಪೆಟ್ರೋಲ್ ಹಾಕಿದ್ರೆ ವಿಮಾನವೇ ಬೀಳಬಹುದು. ಪೈಲಟ್‌ಗಳು ಇದನ್ನ ಹೇಳಿದ್ದು ತಮ್ಮ ಜೀವದ ಪ್ರಶ್ನೆ ಅಂತಾನೇ, ಅವರನ್ನ ವಿಲನ್ ಮಾಡೋದು ನಂಗೆ ಇಷ್ಟ ಇಲ್ಲ. ಆದ್ರೆ ಎರಡು ಕಡೆ ಬರೀ ಮಾತು ನಡೀತಿರೋವಷ್ಟು ದಿನ ಯಾವ ತೀರ್ಮಾನಾನೂ ಆಗಲ್ಲ. ಕೌಂಟಿ ಮಾಡಿದ್ದು ಏನಂದ್ರೆ, ಒಂದು ಅಧ್ಯಯನಕ್ಕೆ ದುಡ್ಡು ಕೊಡ್ತು. 2011ರಿಂದ 2020ರ ತನಕ ಆ ಸುತ್ತಮುತ್ತ ಇರೋ ಮಕ್ಕಳ ಸುಮಾರು 17 ಸಾವಿರ ರಕ್ತ ಪರೀಕ್ಷೆ ಫಲಿತಾಂಶ ತಗೊಂಡು ನೋಡಿದ್ರು. ನಿಲ್ದಾಣಕ್ಕೆ ಹತ್ರ ಇದ್ದಷ್ಟೂ ಸೀಸ ಜಾಸ್ತಿ. ಗಾಳಿ ಬೀಸೋ ದಿಕ್ಕಲ್ಲಿ, ಅಂದ್ರೆ ಪೂರ್ವದ ಕಡೆ ಇರೋ ಮಕ್ಕಳಿಗೆ ಪಶ್ಚಿಮದ ಕಡೆಯವರಿಗಿಂತ ಜಾಸ್ತಿ. ವಿಮಾನ ಓಡಾಟ ಹೆಚ್ಚಿದ ದಿನಗಳಲ್ಲಿ ಇನ್ನೂ ಜಾಸ್ತಿ. ಪೂರ್ವದ ಮಕ್ಕಳಲ್ಲಿ ಕಂಡ ಏರಿಕೆ ಮಿಶಿಗನ್‌ನ ಫ್ಲಿಂಟ್ ಊರಲ್ಲಿ ಕುಡಿಯೋ ನೀರಿಗೆ ಸೀಸ ಸೇರಿದ ದುರಂತದಲ್ಲಿ ಆದ ಏರಿಕೆಗೆ ಸಮ ಅಂತ ಆ ವರದಿನೇ ಹೇಳ್ತು.

2021ರ ಆಗಸ್ಟ್‌ನಲ್ಲಿ ವರದಿ ಬಂತು, ಅದೇ ತಿಂಗಳು ಬೋರ್ಡ್ ವೋಟ್ ಹಾಕಿ 2022ರ ಜನವರಿ 1ರಿಂದ ಕೌಂಟಿಯ ಎರಡೂ ವಿಮಾನ ನಿಲ್ದಾಣದಲ್ಲಿ, ಅಂದ್ರೆ ಇದು ಮತ್ತೆ ಸ್ಯಾನ್ ಮಾರ್ಟಿನ್, ಸೀಸದ ಪೆಟ್ರೋಲ್ ಮಾರೋದನ್ನ ನಿಲ್ಲಿಸ್ತು. ದೇಶದಲ್ಲೇ ಮೊದಲು. ಫೆಡರಲ್ ಸರ್ಕಾರದ ವಿಮಾನಯಾನ ಇಲಾಖೆ ಎಫ್‌ಎಎ ಸುಮ್ನೆ ಕೂರಲಿಲ್ಲ, ಕೌಂಟಿ ಮೇಲೆ ವಿಚಾರಣೆ ಶುರು ಮಾಡ್ತು, ಕೌಂಟಿ ಹಿಂದೆ ಸರೀಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಫೆಡರಲ್ ಪರಿಸರ ಸಂಸ್ಥೆ ಇಪಿಎ ಸ್ವತಃ ವಿಮಾನದ ಸೀಸ ಜನರ ಆರೋಗ್ಯಕ್ಕೆ ಅಪಾಯ ಅಂತ ಅಧಿಕೃತವಾಗಿ ಹೇಳ್ತು, 2024ರಲ್ಲಿ ಕ್ಯಾಲಿಫೋರ್ನಿಯಾ 2031ರಿಂದ ಇಡೀ ರಾಜ್ಯದಲ್ಲಿ ಆ ಪೆಟ್ರೋಲ್ ಮಾರೋ ಹಾಗಿಲ್ಲ ಅಂತ ಕಾನೂನು ಮಾಡ್ತು. ಹೆಡ್ಡಿಂಗ್ ಸ್ಟ್ರೀಟ್‌ನ ಆ ಕೌಂಟಿ ಬಿಲ್ಡಿಂಗಲ್ಲಿ ಒಂದು ನಿಮಿಷ ಎರಡು ನಿಮಿಷ ಮಾತಾಡಿ ಬಸ್ ಹಿಡಿದು ಮನೆಗೆ ಹೋಗ್ತಿದ್ದ ಜನ ಹಿಡಿದ ಹಠ ವಾಷಿಂಗ್ಟನ್, ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋ ಯಾವುದಕ್ಕೂ ಕಾಯ್ಲಿಲ್ಲ ಅನ್ನೋದು ನಂಗೆ ಇದರಲ್ಲಿ ದೊಡ್ಡ ವಿಷಯ.

ಈಗ ಈ ಮೀಟಿಂಗ್ ಹೇಗೆ ನಡೆಯತ್ತೆ ಅಂತ ಹೇಳ್ಬೇಕು, ಯಾಕಂದ್ರೆ ಹೋಗೋಕೆ ಹೆದರೋರು ಹೆದರೋದು ಇದಕ್ಕೇ. ಬೋರ್ಡ್ ಸೇರೋದು ಮಂಗಳವಾರ, ಸ್ಯಾನ್ ಹೋಸೆಯಲ್ಲಿ. 1953ರಲ್ಲಿ ಬಂದ ಬ್ರೌನ್ ಆಕ್ಟ್ ಅಂತ ರಾಜ್ಯದ ಕಾನೂನಿದೆ, ಸ್ಥಳೀಯ ಮಂಡಳಿಗಳು ಗುಟ್ಟಾಗಿ ಸೇರಿ ತೀರ್ಮಾನ ಮಾಡ್ತಿದ್ದನ್ನ ಒಬ್ಬ ಪತ್ರಕರ್ತ ಸರಣಿಯಾಗಿ ಬರೆದಿದ್ದಕ್ಕೆ ಹುಟ್ಟಿದ್ದು. ಮಾಮೂಲಿ ಮೀಟಿಂಗಿಗೆ 72 ಗಂಟೆ ಮುಂಚೆ ಅಜೆಂಡಾ ಹಾಕ್ಬೇಕು, ಅಜೆಂಡಾದಲ್ಲಿ ಇಲ್ದಿರೋದನ್ನ ಸಾಮಾನ್ಯವಾಗಿ ತೀರ್ಮಾನ ಮಾಡೋ ಹಾಗಿಲ್ಲ, ಪ್ರತಿ ಐಟಂ ಬಗ್ಗೆ ಯಾರು ಬೇಕಾದ್ರೂ ಮಾತಾಡಬಹುದು, ಒಳಗೆ ಬರೋಕೆ ಹೆಸರು ಹೇಳ್ಲೇಬೇಕು ಅಂತ ಒತ್ತಾಯ ಮಾಡೋ ಹಾಗಿಲ್ಲ. ಇನ್ನೊಂದು ನಂಗೆ ತುಂಬಾ ಹಿಡಿಸಿದ್ದು: ಐದು ಜನರ ಬೋರ್ಡಲ್ಲಿ ಮೂರು ಜನ ಕಾಫಿಗೆ ಕೂತು ಕೌಂಟಿ ವಿಷಯ ಚರ್ಚೆ ಮಾಡಿದ್ರೆ ಅದೇ ಅಕ್ರಮ ಮೀಟಿಂಗ್ ಆಗೋಗತ್ತೆ. ಒಬ್ಬರು ಇನ್ನೊಬ್ಬರಿಗೆ ಫೋನ್ ಮಾಡಿ, ಅವರು ಮೂರನೆಯವರಿಗೆ ಹೇಳಿ, ಹೀಗೆ ಸರಪಳಿಯಾಗಿ ಒಪ್ಪಂದಕ್ಕೆ ಬಂದ್ರೂ ಅಕ್ರಮವೇ.

ಅಜೆಂಡಾ ಓದೋದು ಒಂದು ಅಭ್ಯಾಸ. ಶುಕ್ರವಾರ ರಾತ್ರಿ ಊಟ ಆದ್ಮೇಲೆ ಆ ಪಿಡಿಎಫ್ ತೆಗೆದು ಕೂತ್ರೆ ಮೊದಲು ತಲೆ ತಿರುಗತ್ತೆ, ನೂರರ ಹತ್ರ ಐಟಂ ಇರೋದೂ ಉಂಟು. ಅದರಲ್ಲಿ ಕನ್ಸೆಂಟ್ ಕ್ಯಾಲೆಂಡರ್ ಅಂತ ಒಂದು ಭಾಗ ಬರತ್ತೆ, ಅಲ್ಲಿರೋದನ್ನ ಒಂದೊಂದಾಗಿ ಚರ್ಚೆ ಮಾಡಲ್ಲ, ಎಲ್ಲಾ ಸೇರಿಸಿ ಒಂದೇ ವೋಟಲ್ಲಿ ಪಾಸ್ ಮಾಡ್ತಾರೆ. ಹೊಸಬರು ಅದನ್ನ ಬಿಟ್ಟು ಮುಂದೆ ಹೋಗ್ಬಿಡ್ತಾರೆ, ಆದ್ರೆ ದೊಡ್ಡ ದೊಡ್ಡ ಕಾಂಟ್ರಾಕ್ಟ್, ಅದರ ಮೊತ್ತ ಏರಿಸೋದು, ಅವಧಿ ಮುಂದುವರಿಸೋದು ಎಷ್ಟೋ ಸಲ ಅಲ್ಲೇ ಇರತ್ತೆ. ನಂಗೆ ಈಗ ಅಭ್ಯಾಸ ಆಗಿದೆ, ಪಿಡಿಎಫ್ ತೆಗೆದ ತಕ್ಷಣ ಮೊದಲು ಅಲ್ಲಿಗೇ ಹೋಗಿ ಮೊತ್ತ ನೋಡ್ತೀನಿ, ಆಮೇಲೆ ಜೊತೆಗಿರೋ ಸ್ಟಾಫ್ ವರದಿ ತೆಗೀತೀನಿ. ವರದಿಲಿ ಯಾಕೆ ಬೇಕು, ದುಡ್ಡು ಎಲ್ಲಿಂದ, ಬೇಡ ಅಂದ್ರೆ ಏನಾಗತ್ತೆ ಅಂತ ಬರೆದಿರ್ತಾರೆ, ಆ ಕೊನೇದನ್ನ ಮಾತ್ರ ತಪ್ಪದೇ ಓದಿ.

ಮಾತಾಡೋದು ಅಂದ್ರೆ ಭಾಷಣ ಅಲ್ಲ. ಐಟಂ ಬಂದಾಗ ಹೆಸರು ಕೊಟ್ಟು ಕಾಯಬೇಕು, ಜನ ಜಾಸ್ತಿ ಇದ್ರೆ ಅಧ್ಯಕ್ಷರು ಒಬ್ಬೊಬ್ಬರಿಗೆ ಒಂದೇ ನಿಮಿಷ ಅಂತ ಕಡಿತ ಮಾಡ್ತಾರೆ. ಎದುರಿಗೆ ಗಡಿಯಾರ ಹಿಂದಕ್ಕೆ ಎಣಿಸ್ತಾ ಇರತ್ತೆ. ನಮ್ಮವರು ಶುರು ಮಾಡೋದು ಎಲ್ರಿಗೂ ನಮಸ್ಕಾರ, ನಾನು ಇಂಥ ಊರಿನವನು, ಇಷ್ಟು ವರ್ಷದಿಂದ ಇಲ್ಲಿದ್ದೀನಿ, ಇಂಥ ಕಂಪನಿ, ಅಷ್ಟರಲ್ಲಿ ಅರ್ಧ ನಿಮಿಷ ಮುಗಿದೋಗಿರತ್ತೆ. ಮೊದಲ ವಾಕ್ಯದಲ್ಲೇ ಐಟಂ ನಂಬರ್ ಹೇಳಿ, ಬೇಕು ಅಥವಾ ಬೇಡ ಅಂತ ಹೇಳಿ, ಆಮೇಲೆ ನಿಮ್ಮ ಬೀದಿಲಿ ನೀವು ಕಣ್ಣಾರೆ ಕಂಡ ಒಂದೇ ಒಂದು ವಿಷಯ ಹೇಳಿ ಕೂತ್ಕೊಳ್ಳಿ. ಅವರ ಮುಂದೆ ಅಂಕಿಅಂಶ ಆಗಲೇ ಇರತ್ತೆ, ಇಲ್ದಿರೋದು ನೀವು ಕಂಡಿದ್ದು. ಇಂಗ್ಲಿಷ್ ಚೆನ್ನಾಗಿ ಬರಲ್ಲ ಅಂತ ಹಿಂಜರಿಯೋ ಹಿರಿಯರಿಗೂ ಹೇಳ್ತೀನಿ, ಸ್ಪ್ಯಾನಿಷ್, ವಿಯೆಟ್ನಾಮೀಸ್ ಮಾತಾಡೋರು ದುಭಾಷಿ ಇಟ್ಕೊಂಡು ಎಷ್ಟು ಗಟ್ಟಿಯಾಗಿ ಮಾತಾಡ್ತಾರೆ ಅಂದ್ರೆ ಇಡೀ ಹಾಲ್ ಕಿವಿಗೊಟ್ಟು ಕೇಳತ್ತೆ.

ಇನ್ನು ಕಮಿಷನ್‌ಗಳು. ಬೋರ್ಡ್ ಕೆಳಗೆ ಸುಮಾರು ಸಲಹಾ ಸಮಿತಿಗಳಿವೆ, ಪಾರ್ಕು, ವಿಮಾನ ನಿಲ್ದಾಣ, ಹಿರಿಯರ ಆರೈಕೆ, ಮಾನಸಿಕ ಆರೋಗ್ಯ, ಮಾನವ ಹಕ್ಕು, ಹೀಗೆ. ಸಾಮಾನ್ಯ ನಿವಾಸಿಗಳೇ ಸದಸ್ಯರು, ಸೂಪರ್‌ವೈಸರ್ ನೇಮಕ ಮಾಡ್ತಾರೆ. ತೀರ್ಮಾನ ಮಾಡೋ ಅಧಿಕಾರ ಇಲ್ಲ, ಶಿಫಾರಸು ಅಷ್ಟೆ, ಅದಕ್ಕೇ ಜನ ಇದ್ರಲ್ಲಿ ಏನಿದೆ ಅಂತಾರೆ. ಆದ್ರೆ ಬೋರ್ಡ್ ಮುಂದೆ ಒಂದು ವಿಷಯ ಬರೋ ಹೊತ್ತಿಗೆ ಅದರ ರೂಪ ಬಹಳಷ್ಟು ಆಗಲೇ ಗಟ್ಟಿಯಾಗಿರತ್ತೆ, ಮೆತ್ತಗಿರೋದು ಕಮಿಟಿಲಿ ಇರೋವಾಗ ಮಾತ್ರ. 2021ರಲ್ಲಿ ಸೂಪರ್‌ವೈಸರ್ ಡಿಸ್ಟ್ರಿಕ್ಟ್‌ಗಳ ಗಡಿ ಮತ್ತೆ ಬರೆಯೋವಾಗ ಇದನ್ನ ನೋಡಿದ್ವಿ, ಸಮುದಾಯ ಸಂಘಟನೆಗಳೇ ಕೂತು ಯೂನಿಟಿ ಮ್ಯಾಪ್ ಅಂತ ಒಂದು ನಕ್ಷೆ ಮಾಡಿ ತಂದ್ರು, ಬೋರ್ಡ್ ಅದನ್ನೇ ಒಪ್ಕೊಳ್ತು. ಅದೇ ವರ್ಷ ಏಪ್ರಿಲ್‌ನಲ್ಲಿ ಮಾನವ ಹಕ್ಕು ಕಮಿಷನ್ ಜಾತಿ ತಾರತಮ್ಯದ ಬಗ್ಗೆ ಸಾರ್ವಜನಿಕ ವಿಚಾರಣೆ ಇಟ್ಕೊಂಡಾಗ ದಕ್ಷಿಣ ಏಷ್ಯಾದವರು ಎರಡೂ ಕಡೆಯಿಂದ ಗಂಟೆಗಟ್ಟಲೆ ಮಾತಾಡಿದ್ರು. ಜಾತಿ ಹೆಸರಲ್ಲಿ ತಮಗೆ ಇಲ್ಲಿ ಏನಾಯ್ತು ಅಂತ ಹೇಳ್ಕೊಂಡವರ ಮಾತು ಕೇಳಿ ಅವತ್ತು ನಂಗೆ ನಿದ್ದೆ ಬರಲಿಲ್ಲ. ವಿರೋಧ ಮಾಡಿದವರ ವಾದ ನಂಗೆ ಒಪ್ಪಿಗೆ ಆಗ್ಲಿಲ್ಲ, ಆದ್ರೂ ಅವರೂ ಬಂದು ಕೂತು ಮಾತಾಡಿದ್ರು ಅನ್ನೋದನ್ನ ಗೌರವಿಸ್ತೀನಿ. ನಂಗೆ ಬೇಜಾರು ಏನಂದ್ರೆ ಆ ಒಂದು ವಿಷಯ ಮುಗಿದ ಮೇಲೆ ಎರಡೂ ಕಡೆಯ ಬಹುತೇಕ ಜನ ಮತ್ತೆ ಯಾವ ಕಮಿಷನ್‌ ಕಡೆನೂ ತಲೆ ಹಾಕ್ಲಿಲ್ಲ.

ಇದನ್ನ ಬರೆಯೋಕೆ ನಿಜವಾದ ಕಾರಣ ಈಗ ಹೇಳ್ತೀನಿ. ಗ್ರೀನ್ ಕಾರ್ಡ್ ಸಾಲಲ್ಲಿ ವರ್ಷಾನುಗಟ್ಟಲೆ ನಿಂತಿರೋ ನಮ್ಮ ಜನ, ಟ್ಯಾಕ್ಸ್ ಕಟ್ಟಿ, ಮನೆ ತಗೊಂಡು, ಮಕ್ಕಳನ್ನ ಇಲ್ಲಿನ ಶಾಲೆಗೆ ಹಾಕಿ, "ವೋಟೇ ಇಲ್ಲ, ನಮಗ್ಯಾಕೆ" ಅಂತ ದೂರ ಇರ್ತಾರೆ. ವೋಟ್ ಇಲ್ಲ, ನಿಜ. ಆದ್ರೆ ಪಬ್ಲಿಕ್ ಕಾಮೆಂಟ್‌ಗೆ, ಅಂದ್ರೆ ಮೀಟಿಂಗಲ್ಲಿ ಎದ್ದು ಮಾತಾಡೋಕೆ, ಪೌರತ್ವ ಬೇಕಿಲ್ಲ. ಅಷ್ಟೇ ಅಲ್ಲ, 2019ರಲ್ಲಿ ಎಸ್‌ಬಿ 225 ಅಂತ ರಾಜ್ಯದ ಕಾನೂನು ಬಂತು, ಅದರ ಪ್ರಕಾರ 18 ವರ್ಷ ತುಂಬಿದ ಕ್ಯಾಲಿಫೋರ್ನಿಯಾ ನಿವಾಸಿ ಯಾರೇ ಆಗ್ಲಿ, ಪೌರತ್ವ ಇರ್ಲಿ ಇಲ್ದಿರ್ಲಿ, ಯಾವ ವೀಸಾನೇ ಇರ್ಲಿ, ನೇಮಕದ ಮೂಲಕ ಬರೋ ಸಾರ್ವಜನಿಕ ಹುದ್ದೆಗೆ ಅರ್ಹರು. ಕಮಿಷನ್ ಸದಸ್ಯತ್ವ ಅಂದ್ರೆ ಅದೇ. ಎಚ್-1ಬಿ ಕೆಲಸದ ವೀಸಾ ಇರೋರು ಒಂದು ವಿಷಯ ನೋಡ್ಕೋಬೇಕು, ಕೆಲವು ಸಮಿತಿಲಿ ಮೀಟಿಂಗಿಗೆ ಭತ್ಯೆ ಕೊಡ್ತಾರೆ, ವೀಸಾದಲ್ಲಿ ಇನ್ನೊಂದು ಕಡೆ ದುಡ್ಡು ತಗೊಳೋದು ತೊಂದರೆ ತರಬಹುದು, ಹಾಗಾಗಿ ಒಪ್ಕೊಳೋ ಮುಂಚೆ ನಿಮ್ಮ ಇಮಿಗ್ರೇಷನ್ ಲಾಯರ್‌ನ ಒಂದು ಮಾತು ಕೇಳಿ, ಭತ್ಯೆ ಇಲ್ಲದ ಸಮಿತಿಗಳೂ ಇವೆ. ಪೌರತ್ವ ಸಿಕ್ಕಿರೋರಿಗೆ ಇನ್ನೂ ಒಂದು ದಾರಿ ಇದೆ, ಸಿವಿಲ್ ಗ್ರ್ಯಾಂಡ್ ಜ್ಯೂರಿ. 19 ಜನ ಒಂದು ವರ್ಷ ಕೂತು ಕೌಂಟಿ, ಸಿಟಿ, ಶಾಲಾ ಮಂಡಳಿಗಳ ಕೆಲಸ ತನಿಖೆ ಮಾಡಿ ವರದಿ ಕೊಡ್ತಾರೆ, ಸಂಬಂಧಪಟ್ಟ ಮಂಡಳಿ ಅದಕ್ಕೆ ಬರವಣಿಗೆಲಿ ಉತ್ತರ ಕೊಡ್ಲೇಬೇಕು. ರಿಟೈರ್ ಆಗಿರೋ ನಮ್ಮ ಇಂಜಿನಿಯರ್ ಅಂಕಲ್‌ಗಳು, ಬ್ಯಾಂಕಲ್ಲಿ ಆಡಿಟ್ ಮಾಡಿ ಬಂದಿರೋ ಆಂಟಿಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿದ್ದಾರೆ, ಅವರಲ್ಲಿ ಒಬ್ಬರಾದ್ರೂ ಅರ್ಜಿ ಹಾಕ್ಬೇಕು ಅಂತ ನನ್ನ ಆಸೆ.

ಯಾವ ಸಮಿತಿಲಿ ಜಾಗ ಖಾಲಿ ಇದೆ ಅಂತ ಯಾರನ್ನೂ ಕಾಡಿ ಬೇಡಬೇಕಿಲ್ಲ. ಮುಂದಿನ ವರ್ಷ ಯಾವ್ಯಾವ ಸದಸ್ಯರ ಅವಧಿ ಮುಗಿಯತ್ತೆ ಅನ್ನೋ ಪಟ್ಟಿನ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ತಯಾರು ಮಾಡಿ ಇಡಬೇಕು ಅಂತ ರಾಜ್ಯದ ಕಾನೂನೇ ಇದೆ, ಕ್ಲರ್ಕ್ ಆಫ್ ದಿ ಬೋರ್ಡ್ ಕಚೇರಿಲಿ ಕೇಳಿದ್ರೆ ಸಿಗತ್ತೆ. ಅರ್ಜಿ ಹಾಕಿದ್ಮೇಲೆ ನಿಮ್ಮ ಸೂಪರ್‌ವೈಸರ್ ಆಫೀಸಿಗೆ ಫೋನ್ ಮಾಡಿ ಅರ್ಜಿ ಹಾಕಿದ್ದೀನಿ ಅಂತ ಒಂದು ಮಾತು ಹೇಳಿ, ಅವರ ಸ್ಟಾಫ್ ಚೆನ್ನಾಗೇ ಮಾತಾಡ್ತಾರೆ.

ಎಲ್ಲಿಂದ ಶುರು ಮಾಡ್ಬೇಕು ಅಂತ ಕೇಳಿದ್ರೆ ನಾನು ರೀಡ್-ಹಿಲ್‌ವ್ಯೂ ಅಂತಾನೇ ಹೇಳ್ತೀನಿ, ಯಾಕಂದ್ರೆ ಆ ಕಥೆ ಮುಗಿದಿಲ್ಲ. ಎಫ್‌ಎಎ ಕಡೆಯಿಂದ ಹಿಂದೆ ತಗೊಂಡ ಅನುದಾನದ ಷರತ್ತು 2031ರ ತನಕ ಇದೆ, ಅಲ್ಲಿಯವರೆಗೆ ನಿಲ್ದಾಣ ಮುಚ್ಚೋದು ಕೌಂಟಿ ಒಬ್ಬರ ಕೈಲಿಲ್ಲ. ಆಮೇಲೆ? ಸುಮಾರು 180 ಎಕರೆ, ಈ ಸಿಲಿಕಾನ್ ವ್ಯಾಲಿಯ ಮಧ್ಯದಲ್ಲಿ, ಮನೆ ಬಾಡಿಗೆ ಕಟ್ಟೋಕಾಗದೆ ಜನ ಟ್ರೇಸಿ, ಮಾಂಟೆಕಾ ಅಂತ ದೂರ ಹೋಗ್ತಿರೋ ಕಾಲದಲ್ಲಿ. ಅಲ್ಲಿ ಕಡಿಮೆ ಬಾಡಿಗೆ ಮನೆ ಬರತ್ತಾ, ಪಾರ್ಕು ಶಾಲೆ ಕ್ಲಿನಿಕ್ ಬರತ್ತಾ, ನಿಲ್ದಾಣನೇ ಸೀಸ ಇಲ್ಲದೆ ಉಳಿಯತ್ತಾ, ಈ ಮೂರಕ್ಕೂ ಗಟ್ಟಿಯಾಗಿ ವಾದ ಮಾಡೋರಿದ್ದಾರೆ. ನಂಗೆ ಕೇಳಿದ್ರೆ ಮನೆ ಬರಬೇಕು, ಅದರಲ್ಲೂ ಇಷ್ಟು ವರ್ಷ ಆ ಗಾಳಿ ಕುಡಿದ ಮಕ್ಕಳ ಕುಟುಂಬಗಳಿಗೆ ಮೊದಲ ಪಾಲು ಸಿಗಬೇಕು, ಮುಂದಿನ ಸಲ ಆ ಐಟಂ ಅಜೆಂಡಾಗೆ ಬಂದಾಗ ನನಗೆ ಸಿಗೋ ಒಂದು ನಿಮಿಷದಲ್ಲಿ ಇದನ್ನೇ ಹೇಳ್ತೀನಿ. ನಿಮ್ಮ ಅಭಿಪ್ರಾಯ ಬೇರೆ ಇದ್ರೆ ನೀವೂ ಬನ್ನಿ, ನನ್ನ ಹಿಂದಿನ ಸರದಿಲಿ ನಿಂತು ಅದನ್ನ ಹೇಳಿ.